ಗೆಲ್ಲದ ತಳಿಯ ಕಥೆ

ನಮ್ಮಲ್ಲಿ ಅಭಿನಂದನಾ ಗ್ರಂಥಗಳಿಗೆ ಬರವಿಲ್ಲ. ಕನ್ನಡ ಮೇಷ್ಟರೊಬ್ಬರಿಗೆ ಅರುವತ್ತು ತುಂಬುವ ಹೊತ್ತಿಗೆ ಶಿಷ್ಯರೆಲ್ಲ ಸೇರಿ ಸಮಿತಿ ಮಾಡುತ್ತಾರೆ, ಲೇಖನ ಕೇಳಿ ಪತ್ರ ಬರೆಯುತ್ತಾರೆ, ಎರಡು ವರ್ಷ ತಡವಾಗಿಯಾದರೂ ಐನೂರು ಪುಟದ ಪುಸ್ತಕ ಹೊರಬರುತ್ತದೆ. ಅದರಲ್ಲಿ ಹೊಗಳಿಕೆ ಜಾಸ್ತಿ ಎಂಬ ದೂರು ಹಳೆಯದು. ಆದರೂ ಅಂಥ ಪುಸ್ತಕವನ್ನು ತಾಳ್ಮೆಯಿಂದ ಓದಿದರೆ ಮೇಷ್ಟರು ಯಾವ ಪಾಠವನ್ನು ಹೇಗೆ ಮಾಡುತ್ತಿದ್ದರು, ಯಾರ ಜೊತೆ ಜಗಳವಾಡಿದರು, ಯಾವ ಅಭಿಪ್ರಾಯವನ್ನು ನಡುವಯಸ್ಸಿನಲ್ಲಿ ಬದಲಾಯಿಸಿಕೊಂಡರು ಎಂಬುದೆಲ್ಲ ಅಲ್ಲಲ್ಲಿ ಸಿಗುತ್ತದೆ. ಅದೇ ವಿಶ್ವವಿದ್ಯಾಲಯದ ಇನ್ನೊಂದು ಕಟ್ಟಡದಲ್ಲಿ ಮೂವತ್ತು ವರ್ಷ ಸೂಕ್ಷ್ಮಜೀವಿಶಾಸ್ತ್ರ ಕಲಿಸಿದವರು ನಿವೃತ್ತರಾದಾಗ ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಜೊತೆಗೆ ನಿರೂಪಕರು ಓದುವ ಒಂದು ಪುಟದ ಪರಿಚಯ. ಇಷ್ಟು ಪ್ರಬಂಧ, ಇಷ್ಟು ಪಿಎಚ್‌ಡಿ, ಇಷ್ಟು ಯೋಜನೆ, ಇಷ್ಟು ದೇಶಗಳ ಪ್ರವಾಸ. ಚಪ್ಪಾಳೆ ನಿಲ್ಲುವ ಮೊದಲೇ ಊಟದ ಪ್ರಕಟಣೆ.

ಕನ್ನಡದ ಜೀವನಚರಿತ್ರೆಗಳ ಮೇಲೆ ಸಂಶೋಧನೆ ಮಾಡುತ್ತಿರುವ ನನಗೆ ಇದು ಸಮಾರಂಭಕ್ಕಷ್ಟೇ ಸಂಬಂಧಿಸಿದ ವ್ಯತ್ಯಾಸ ಅನ್ನಿಸುವುದಿಲ್ಲ. ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲದಂಥ ಊರುಗಳಿಂದ ಹೋಗಿ ವಿಜ್ಞಾನದ ಪ್ರಾಧ್ಯಾಪಕರಾದವರ ಬಗ್ಗೆ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಬರುವ 'ಸಾಧಕರ ಪರಿಚಯ'ಗಳನ್ನೇ ನೋಡಿ. ಮೊದಲ ಪ್ಯಾರಾದಲ್ಲಿ ರೈತ ಕುಟುಂಬ, ಬುಡ್ಡಿ ದೀಪ, ಮೈಲಿಗಟ್ಟಲೆ ನಡೆದು ಹೋದ ಶಾಲೆ. ಕೊನೆಯ ಪ್ಯಾರಾದಲ್ಲಿ ವಿದೇಶಿ ವಿಶ್ವವಿದ್ಯಾಲಯ, ಪ್ರಶಸ್ತಿ. ನಡುವಿನ ಮೂವತ್ತು ವರ್ಷಕ್ಕೆ ಒಂದೇ ವಾಕ್ಯ: 'ಹಲವು ಸಂಶೋಧನೆಗಳನ್ನು ಕೈಗೊಂಡರು.' ಬಡತನದ ಬಗ್ಗೆ ಬರೆಯಲು ನಮಗೆ ಮಾತು ಬರುತ್ತದೆ, ಬಿರುದಿನ ಬಗ್ಗೆಯೂ ಬರುತ್ತದೆ. ಆ ನಡುವಿನ ಕೆಲಸದ ಬಗ್ಗೆ ಬರೆಯುವಾಗ ಮಾತು ನಿಂತುಹೋಗುತ್ತದೆ. ಅದು ನಿಲ್ಲುವುದು ವಿಷಯ ಕಷ್ಟದ್ದೆಂದಲ್ಲ. ಗೆದ್ದದ್ದನ್ನಷ್ಟೇ ಘಟನೆಯೆಂದು ಎಣಿಸುವ ಬರವಣಿಗೆಯ ಕ್ರಮವೊಂದು ನಮ್ಮಲ್ಲಿ ಬೇರೂರಿದೆ. ಪ್ರಯೋಗಾಲಯದ ಬದುಕಿನಲ್ಲಿ ಗೆಲುವಿನ ಪಾಲು ತೀರಾ ಸಣ್ಣದು. ಹಾಗಾಗಿ ಆ ಬದುಕಿನ ಬಹುಭಾಗ ಬರೆಯದೇ ಉಳಿಯುತ್ತದೆ.

ಕನ್ನಡದಲ್ಲಿ ವಿಜ್ಞಾನದ ಮೇಷ್ಟರ ಬದುಕು ಬರಹಕ್ಕೆ ಬಂದೇ ಇಲ್ಲ ಎನ್ನುವ ಹಾಗಿಲ್ಲ. ಬಿ.ಜಿ.ಎಲ್. ಸ್ವಾಮಿ ಒಬ್ಬರೇ ಸಾಕು ಆ ಮಾತನ್ನು ಅಲ್ಲಗಳೆಯಲು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ, ಅಲ್ಲೇ ಪ್ರಿನ್ಸಿಪಾಲರೂ ಆದ ಸ್ವಾಮಿ 'ಕಾಲೇಜು ರಂಗ', 'ಕಾಲೇಜು ತರಂಗ', 'ಪ್ರಾಧ್ಯಾಪಕನ ಪೀಠದಲ್ಲಿ' ಬರೆದರು. ಪರೀಕ್ಷೆಯ ಅವಾಂತರ, ಸಹೋದ್ಯೋಗಿಗಳ ಸಣ್ಣತನ, ಕಚೇರಿಯ ಕಡತ, ಹುಡುಗರ ಹುಡುಗಾಟ ಎಲ್ಲ ಅಲ್ಲಿವೆ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ 'ಹಸಿರು ಹೊನ್ನು' ಇನ್ನೂ ಒಂದು ಹೆಜ್ಜೆ ಮುಂದೆ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತುವ ಮೇಷ್ಟರು, ಅವರೇ ಬರೆದ ಗಿಡಗಳ ಚಿತ್ರ, ನಡುನಡುವೆ ನಗು. ಜ್ಞಾನ ಎಂಬುದು ಹತ್ತು ಜನರ ನಡುವೆ ಓಡಾಡುತ್ತ ಹುಟ್ಟುವ ವಸ್ತು ಎಂದು ಕನ್ನಡ ಓದುಗನಿಗೆ ಅಷ್ಟು ಸಲೀಸಾಗಿ ತೋರಿಸಿದ ಪುಸ್ತಕಗಳು ಕಡಿಮೆ.

ಆದರೆ ಸ್ವಾಮಿಯವರ ಅನುಕೂಲವನ್ನೂ ಗಮನಿಸಬೇಕು. ಗಿಡ ಕಣ್ಣಿಗೆ ಕಾಣುತ್ತದೆ. ಅದಕ್ಕೊಂದು ಊರ ಹೆಸರಿದೆ, ಅಡುಗೆಮನೆಯಲ್ಲೊಂದು ಜಾಗವಿದೆ. ಓದುಗ ಆಗಲೇ ಅರ್ಧ ದಾರಿ ಬಂದಿರುತ್ತಾನೆ. ಸ್ವಾಮಿ ಸ್ವತಃ ಸೂಕ್ಷ್ಮದರ್ಶಕದ ಮುಂದೆ ಕೂತು ವರ್ಷಗಟ್ಟಲೆ ಮಾಡಿದ ಸಸ್ಯ ಅಂಗರಚನೆ, ಭ್ರೂಣಶಾಸ್ತ್ರದ ಕೆಲಸ ಇಂಗ್ಲಿಷ್ ಪ್ರಬಂಧಗಳಲ್ಲಿ ಉಳಿಯಿತು. ಜಗತ್ತಿನ ಸಸ್ಯಶಾಸ್ತ್ರಜ್ಞರು ಅವರನ್ನು ಅದಕ್ಕಾಗಿ ಬಲ್ಲರು. ನಾವು ಬಲ್ಲ ಸ್ವಾಮಿ ಕಾಡಿನ, ಕಾರಿಡಾರಿನ ಸ್ವಾಮಿ. ಇನ್ನೊಂದು ಕಡೆ ಜಿ.ಟಿ. ನಾರಾಯಣ ರಾಯರು 'ಐನ್‌ಸ್ಟೈನ್ ಬಾಳಿದರಿಲ್ಲಿ' ಬರೆದರು. ಆದರೆ ಐನ್‌ಸ್ಟೈನರನ್ನು ಕೈಗೆತ್ತಿಕೊಳ್ಳುವಾಗ ಬರೆಯುವವನಿಗೂ ಓದುವವನಿಗೂ ಕೊನೆ ಮೊದಲೇ ಗೊತ್ತಿರುತ್ತದೆ. ಗೆದ್ದವನ ಕಥೆಯಲ್ಲಿ ಸೋಲುಗಳೂ ಮೆಟ್ಟಿಲಾಗಿ ಕಾಣುತ್ತವೆ. ಮೆಟ್ಟಿಲಾಗದೇ ಉಳಿದ ಸೋಲಿಗೆ ಏನು ಮಾಡುವುದು?

ಈ ಪ್ರಶ್ನೆಗೆ ಬೆಂಗಳೂರಿನಲ್ಲೇ ಒಂದು ಒಳ್ಳೆಯ ಉದಾಹರಣೆಯಿದೆ. ಅದರ ಹೆಸರು ಐ321. ಅದೊಂದು ವೈರಸ್ ತಳಿ.

ಮಕ್ಕಳಿಗೆ ವಾಂತಿಭೇದಿ ತರುವ ರೋಟಾವೈರಸ್ಸನ್ನು 1973ರಲ್ಲಿ ಮೆಲ್ಬರ್ನಿನಲ್ಲಿ ರೂತ್ ಬಿಷಪ್ ಮತ್ತು ಸಂಗಡಿಗರು ಗುರುತಿಸಿದರು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಗಾಡಿಯ ಚಕ್ರದ ಹಾಗೆ ಕಾಣುವುದರಿಂದ ಚಕ್ರ ಎಂಬ ಅರ್ಥದ ಲ್ಯಾಟಿನ್ ಪದ ಇದಕ್ಕೆ ಹೆಸರಾಯಿತು. ಲಸಿಕೆ ಬರುವ ಮುಂಚೆ ಭಾರತದಲ್ಲಿ ವರ್ಷಕ್ಕೆ ಸುಮಾರು ಒಂದು ಲಕ್ಷ ಮಕ್ಕಳು ಇದರಿಂದ ಸಾಯುತ್ತಿದ್ದಾರೆ ಎಂಬುದು 2000ದ ದಶಕದ ಅಂದಾಜು. ಇದೇ ಕುಲದ ವೈರಸ್ ಕರುಗಳಿಗೂ ಭೇದಿ ತರುತ್ತದೆ. ಬೆಳಗ್ಗೆ ಸಂಜೆ ಡೇರಿಗೆ ಹಾಲು ಹಾಕುವ ನಮ್ಮ ದೊಡ್ಡಬಳ್ಳಾಪುರದ ಕಡೆಯ ಮನೆಗಳಲ್ಲಿ ಎಳೆಗರು ಭೇದಿ ಹತ್ತಿ ಎರಡೇ ದಿನಕ್ಕೆ ಕಣ್ಣು ಒಳಕ್ಕೆ ಹೋಗಿ ಮಲಗಿಬಿಡುವುದನ್ನು ಕಾಣದವರಿಲ್ಲ. ಅದಕ್ಕೂ ತೊಟ್ಟಿಲ ಕೂಸಿನ ಭೇದಿಗೂ ನಂಟಿರಬಹುದೆಂದು ಯಾರೂ ಯೋಚಿಸಿರುವುದಿಲ್ಲ, ಅಷ್ಟೇ.

ಭಾರತೀಯ ವಿಜ್ಞಾನ ಸಂಸ್ಥೆಯ ಸೂಕ್ಷ್ಮಜೀವಿ ಮತ್ತು ಕೋಶಜೀವಶಾಸ್ತ್ರ ವಿಭಾಗದಲ್ಲಿ ಪ್ರಾಧ್ಯಾಪಕರಾಗಿದ್ದ ಸಿ. ದುರ್ಗಾ ರಾವ್ ಅವರ ತಂಡ ನಗರದ ಮಕ್ಕಳ ವೈದ್ಯರ ಜೊತೆ ಸೇರಿ ನವಜಾತ ಶಿಶುಗಳ ಮಲದ ಮಾದರಿಗಳನ್ನು ಪರೀಕ್ಷಿಸಿತು. ರೋಟಾವೈರಸ್ಸಿನ ಆನುವಂಶಿಕ ವಸ್ತು ಹನ್ನೊಂದು ತುಂಡುಗಳಲ್ಲಿರುತ್ತದೆ. ಮಾದರಿಯಿಂದ ಅದನ್ನು ಬೇರ್ಪಡಿಸಿ ಜೆಲ್ ಮೇಲೆ ವಿದ್ಯುತ್ ಹರಿಸಿದರೆ ತುಂಡುಗಳು ಗಾತ್ರಕ್ಕೆ ತಕ್ಕಂತೆ ಓಡಿ ಹನ್ನೊಂದು ಗೆರೆಗಳಾಗಿ ನಿಲ್ಲುತ್ತವೆ. ಗೆರೆಗಳ ಅಂತರ ನೋಡಿ ತಳಿಯ ಜಾಡು ಹಿಡಿಯಬಹುದು. ಹೀಗೆ ನೋಡುತ್ತ ಹೋದಾಗ ಒಂದು ವಿಚಿತ್ರ ಕಂಡಿತು. ಕೂಸುಗಳ ಹೊಟ್ಟೆಯಲ್ಲಿ ವೈರಸ್ ಇದೆ, ಕೂಸುಗಳಿಗೆ ಭೇದಿ ಇಲ್ಲ. ಐ321 ಅಂಥ ಒಂದು ತಳಿ. ಅದರ ಹೊರಮೈಯ ಎರಡೂ ಪ್ರೋಟೀನುಗಳು ದನಗಳ ರೋಟಾವೈರಸ್ಸಿನದನ್ನು ಬಹಳಷ್ಟು ಹೋಲುತ್ತವೆ ಎಂದು ಈ ತಂಡ 1993ರಲ್ಲಿ ಪ್ರಕಟಿಸಿತು. ಮುಂದೆ ತಿಳಿದದ್ದು ಇನ್ನೂ ಸೋಜಿಗದ್ದು: ಹನ್ನೊಂದು ತುಂಡುಗಳಲ್ಲಿ ಒಂಬತ್ತು ದನದ ತಳಿಯವು, ಎರಡು ಮಾತ್ರ ಮನುಷ್ಯರ ತಳಿಯವು. ಎರಡು ತಳಿಗಳು ಒಂದೇ ಜೀವಕೋಶಕ್ಕೆ ನುಗ್ಗಿದಾಗ ಎರಡು ಇಸ್ಪೀಟು ಕಟ್ಟುಗಳನ್ನು ಕಲಸಿದಂತೆ ತುಂಡುಗಳು ಬೆರೆಯುತ್ತವೆ. ಎಲ್ಲೋ ಯಾವಾಗಲೋ ಹಾಗೆ ಬೆರೆತು ಹುಟ್ಟಿದ ವೈರಸ್ ಬೆಂಗಳೂರಿನ ಕೂಸುಗಳಲ್ಲಿ ಸದ್ದಿಲ್ಲದೆ ಬಾಳುತ್ತಿತ್ತು.

ರೋಗ ತರದ ವೈರಸ್ ಎಂದರೆ ಲಸಿಕೆಯ ಆಸೆ. ಹುಟ್ಟಿದ ಹೊಸತರಲ್ಲಿ ಸೋಂಕು ತಗಲಿದ ಕೂಸುಗಳಿಗೆ ಮುಂದೆ ತೀವ್ರ ಭೇದಿಯಿಂದ ರಕ್ಷಣೆ ಸಿಗುತ್ತದೆ ಎಂದು ಮೆಲ್ಬರ್ನಿನ ಅಧ್ಯಯನ 1983ರಲ್ಲೇ ತೋರಿಸಿತ್ತು. ದೆಹಲಿಯ ಏಮ್ಸ್‌ನಲ್ಲಿ ಎಂ.ಕೆ. ಭಾನ್ ಅವರ ತಂಡಕ್ಕೂ ಇಂಥದೇ ಒಂದು ತಳಿ ಸಿಕ್ಕಿತ್ತು, ಹೆಸರು 116ಇ. ಅದರಲ್ಲಿ ಒಂದು ತುಂಡು ಮಾತ್ರ ದನದ್ದು. 1987ರಲ್ಲಿ ಆರಂಭವಾದ ಭಾರತ–ಅಮೆರಿಕ ಲಸಿಕೆ ಕಾರ್ಯಕ್ರಮದ ಆಸರೆಯಲ್ಲಿ ಎರಡೂ ತಳಿಗಳು ಮುಂದಕ್ಕೆ ಸಾಗಿದವು. ಎಂಟು ವಾರದ 90 ಶಿಶುಗಳ ಮೇಲೆ ನಡೆದ ಮೊದಲ ಹಂತದ ಪರೀಕ್ಷೆಯ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. 116ಇ ಪಡೆದವರಲ್ಲಿ ನೂರಕ್ಕೆ 73 ಶಿಶುಗಳಲ್ಲಿ ಪ್ರತಿಕಾಯ ನಾಲ್ಕು ಪಟ್ಟು ಏರಿತ್ತು. ಐ321 ಪಡೆದವರಲ್ಲಿ ನೂರಕ್ಕೆ 39, ಬರೀ ಹುಸಿಮದ್ದು ಪಡೆದವರಲ್ಲಿ 20. ಎರಡೂ ತಳಿಗಳಿಂದ ತೊಂದರೆ ಕಾಣಲಿಲ್ಲ. ಆದರೆ ಬೆಂಗಳೂರಿನ ತಳಿ ಮೈಯನ್ನು ಸಾಕಷ್ಟು ಎಚ್ಚರಿಸಲಿಲ್ಲ. ಐ321 ಅಲ್ಲಿಗೆ ನಿಂತಿತು. 116ಇ ಹೈದರಾಬಾದಿನ ಭಾರತ್ ಬಯೋಟೆಕ್ ಕೈಯಲ್ಲಿ ರೋಟಾವ್ಯಾಕ್ ಆಯಿತು. ಸುಮಾರು 6,800 ಶಿಶುಗಳ ಮೇಲೆ ನಡೆದ ಪರೀಕ್ಷೆ ದಾಟಿ 2016ರಲ್ಲಿ ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಸೇರಿತು.

ಈಗ ನಮ್ಮ 'ಸಾಧಕರ ಪರಿಚಯ'ದ ಅಚ್ಚಿಗೆ ಈ ಕಥೆಯನ್ನು ಸುರಿದು ನೋಡೋಣ. ದೆಹಲಿಯ ಕಥೆ ಸರಾಗವಾಗಿ ಇಳಿಯುತ್ತದೆ: ತಳಿ ಸಿಕ್ಕಿತು, ಲಸಿಕೆಯಾಯಿತು, ಮಕ್ಕಳು ಉಳಿದರು. ಬೆಂಗಳೂರಿನ ಕಥೆ ಅಚ್ಚಿನಲ್ಲಿ ಕೂರುವುದೇ ಇಲ್ಲ. ಒಂದೋ ಅದನ್ನು ಬಿಟ್ಟುಬಿಡಬೇಕು, ಇಲ್ಲವೇ 'ಲಸಿಕೆಯ ಸಂಶೋಧನೆಗೂ ಕೊಡುಗೆ ನೀಡಿದರು' ಎಂಬ ಮಸುಕು ವಾಕ್ಯದಲ್ಲಿ ಮುಚ್ಚಿಡಬೇಕು. ಎರಡೂ ಸುಳ್ಳಿಗೆ ಹತ್ತಿರ. ಏಕೆಂದರೆ ದನದಿಂದ ಮನುಷ್ಯನಿಗೆ ವೈರಸ್ಸಿನ ತುಂಡುಗಳು ದಾಟಿಬರುತ್ತವೆ, ದಾಟಿಬಂದದ್ದು ರೋಗವನ್ನೇ ತರಬೇಕೆಂದಿಲ್ಲ ಎಂಬ ಅರಿವಿಗೆ ಐ321 ಕೊಟ್ಟ ಆಧಾರ ಪರೀಕ್ಷೆಯಲ್ಲಿ ನಪಾಸಾದ ಮಾತ್ರಕ್ಕೆ ಅಳಿಸಿಹೋಗಲಿಲ್ಲ. ಲಸಿಕೆಯಾಗಿ ಅದು ಸೋತಿತು, ತಿಳಿವಳಿಕೆಯಾಗಿ ಉಳಿಯಿತು. ಪ್ರಾಧ್ಯಾಪಕರೂ ಬಾಗಿಲು ಹಾಕಿಕೊಂಡು ಕೂರಲಿಲ್ಲ. ರೋಟಾವೈರಸ್ಸಿನ ಎನ್‌ಎಸ್‌ಪಿ4 ಎಂಬ ಪ್ರೋಟೀನಿನ ರಚನೆ ಮತ್ತು ಕೆಲಸದ ಬಗ್ಗೆ ಅದೇ ಸಂಸ್ಥೆಯ ಸಹೋದ್ಯೋಗಿಗಳ ಜೊತೆ ಅವರ ಪ್ರಬಂಧಗಳು ಬರುತ್ತಲೇ ಹೋದವು. ಒಂದು ವೃತ್ತಿಜೀವನದ ನಿಜವಾದ ಆಕಾರ ಕಾಣುವುದು ಇಲ್ಲಿ: ಒಂದು ದಾರಿ ಮುಚ್ಚಿದ ಮೇಲೂ ಅದೇ ವೈರಸ್ಸಿನ ಬಳಿಗೆ ಇನ್ನೊಂದು ಪ್ರಶ್ನೆ ಹಿಡಿದು ಹೋಗುವುದರಲ್ಲಿ.

ಸೋಜಿಗವೆಂದರೆ, ಪರಿಚಯ ಲೇಖನಕ್ಕೆ ಬಾರದ ಈ ಬಗೆಯ ಕಥೆ ಕನ್ನಡ ಕಾದಂಬರಿಗೆ ಚೆನ್ನಾಗಿ ಗೊತ್ತು. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಬಂದದ್ದು 1980ರಲ್ಲಿ. ವಿಜ್ಞಾನಿ ಕರ್ವಾಲೊ, ಮಂದಣ್ಣ, ಕರಿಯಪ್ಪ, ಪ್ಯಾರ, ಜೊತೆಗೊಂದು ನಾಯಿ ಸೇರಿ ಹಾರುವ ಓತಿಯನ್ನು ಹುಡುಕಿ ಕಾಡಿಗೆ ಹೋಗುತ್ತಾರೆ. ಓತಿ ಕಾಣುತ್ತದೆ, ಕೈಗೆ ಸಿಗುವುದಿಲ್ಲ, ಕಣಿವೆಯತ್ತ ತೇಲಿ ಹೋಗುತ್ತದೆ. ಸಾಧಕರ ಪರಿಚಯದ ಲೆಕ್ಕದಲ್ಲಿ ಅದು ವಿಫಲ ಯಾತ್ರೆ. ಆದರೆ ಕಾದಂಬರಿ ಓದಿ ಮುಗಿಸಿದ ಯಾರೂ ಕರ್ವಾಲೊ ಸೋತರು ಎಂದು ಪುಸ್ತಕ ಮುಚ್ಚುವುದಿಲ್ಲ. ಹುಡುಕಾಟದಲ್ಲಿ ಯಾರು ಯಾರು ಇದ್ದರು, ಯಾರ ತಿಳಿವಳಿಕೆ ಎಲ್ಲಿ ಕೆಲಸಕ್ಕೆ ಬಂತು, ನೋಡುವ ಕಣ್ಣು ಹೇಗೆ ಬದಲಾಯಿತು ಎಂಬುದೇ ಅಲ್ಲಿ ಕಥೆ. ಇಷ್ಟು ಚೆನ್ನಾಗಿ ಓದಲು ಬಲ್ಲ ಓದುಗರನ್ನು ಪಡೆದ ಭಾಷೆ ನಿಜವಾದ ವಿಜ್ಞಾನಿಯ ಬದುಕು ಬರೆಯುವಾಗ ಮಾತ್ರ ಬಯೋಡೇಟಾಕ್ಕೆ ಮರಳುತ್ತದೆ.

ಇದು ನಮ್ಮೊಬ್ಬರದೇ ಕಷ್ಟವಲ್ಲ. ಈ ಕಷ್ಟದ ಬಗ್ಗೆ ಎಲ್ಲರಿಗಿಂತ ಚೆನ್ನಾಗಿ ಯೋಚಿಸಿದವನೂ ಒಬ್ಬ ಸೂಕ್ಷ್ಮಜೀವಿಶಾಸ್ತ್ರಜ್ಞನೇ. ಲುಡ್ವಿಕ್ ಫ್ಲೆಕ್ 1896ರಲ್ಲಿ ಆಗ ಪೋಲಿಷರು ಲ್ವೂಫ್ ಎನ್ನುತ್ತಿದ್ದ ಊರಿನಲ್ಲಿ ಹುಟ್ಟಿದ ಯಹೂದಿ ವೈದ್ಯ. ರಕ್ತಪರೀಕ್ಷೆಯ ಪ್ರಯೋಗಾಲಯ ಅವನ ಹೊಟ್ಟೆಪಾಡು. ಸಿಫಿಲಿಸ್ ಪತ್ತೆಗೆ ಬಳಸುವ ರಕ್ತಪರೀಕ್ಷೆಯೊಂದು ಹೇಗೆ ರೂಪುಗೊಂಡಿತು ಎಂಬ ಚರಿತ್ರೆಯನ್ನು ಹಿಡಿದು, ವೈಜ್ಞಾನಿಕ ಸತ್ಯ ಹುಟ್ಟುವ ಬಗೆಯ ಕುರಿತು 1935ರಲ್ಲಿ ಜರ್ಮನ್ ಭಾಷೆಯಲ್ಲಿ ಒಂದು ಪುಸ್ತಕ ಬರೆದ. ಒಂದು ಸತ್ಯ ಒಬ್ಬನ ತಲೆಯಿಂದ ಹುಟ್ಟುವುದಿಲ್ಲ, ಒಂದೇ ಬಗೆಯಲ್ಲಿ ಯೋಚಿಸಲು ಪಳಗಿದ ಗುಂಪಿನಿಂದ ಹುಟ್ಟುತ್ತದೆ. ಕೆಲಸ ಮುಗಿದ ಮೇಲೆ ಅದೇ ಗುಂಪು ತಾನು ತಡಕಾಡಿದ್ದನ್ನು ಮರೆತು ನೇರ ದಾರಿಯಲ್ಲೇ ಬಂದೆವೆಂದು ನಂಬುತ್ತದೆ ಎಂಬುದು ಅವನ ವಾದದ ತಿರುಳು. ಮುಂದೆ ನಾಜಿಗಳ ಕಾಲದಲ್ಲಿ ಅವನು ಆಶ್ವಿಟ್ಸ್ ಮತ್ತು ಬೂಖೆನ್ವಾಲ್ಡ್ ಶಿಬಿರಗಳ ಪಾಲಾದ. ಬದುಕುಳಿದು ಪೋಲೆಂಡಿನ ಲುಬ್ಲಿನ್‌ನಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಪ್ರಾಧ್ಯಾಪಕನಾದ, 1961ರಲ್ಲಿ ಇಸ್ರೇಲಿನಲ್ಲಿ ತೀರಿಕೊಂಡ. ತಾಮಸ್ ಕೂನ್ 1962ರಲ್ಲಿ ತನ್ನ ಹೆಸರಾಂತ ಪುಸ್ತಕದ ಮುನ್ನುಡಿಯಲ್ಲಿ ಅವನನ್ನು ನೆನೆಯುವವರೆಗೆ ಆ ಪುಸ್ತಕಕ್ಕೆ ಓದುಗರು ಬಹಳ ಇರಲಿಲ್ಲ. ಅವನ ಬಯೋಡೇಟಾ ಬರೆದಿದ್ದರೆ ಈ ಪುಸ್ತಕ ಎಷ್ಟನೇ ಸಾಲಿನಲ್ಲಿ ಬರುತ್ತಿತ್ತು ಎಂದು ಯೋಚಿಸುತ್ತೇನೆ.

ಫ್ಲೆಕ್ ಹೇಳಿದ ಗುಂಪನ್ನು ಐ321ರ ಕಥೆಗೆ ತಂದು ನೋಡಿ. ವಾರ್ಡಿನಲ್ಲಿ ಕೂಸಿನ ಬಟ್ಟೆಯಿಂದ ಮಾದರಿ ತೆಗೆದಿಟ್ಟ ನರ್ಸು, ಹೂಂ ಎಂದು ಒಪ್ಪಿದ ಬಾಣಂತಿ, ಐಸ್ ಡಬ್ಬಿ ಹೊತ್ತು ತಂದವರು, ರಾತ್ರಿ ಜೆಲ್ ಓಡಿಸಿ ಬೆಳಗ್ಗೆ ಗೆರೆ ಎಣಿಸಿದ ಸಂಶೋಧನಾ ವಿದ್ಯಾರ್ಥಿಗಳು, ಗಾಜಿನ ಸಾಮಾನು ತೊಳೆದವರು. ಇಂಥವರಿಲ್ಲದೆ ಇಂಥ ಕೆಲಸ ಎಲ್ಲಿಯೂ ನಡೆಯದು. ಇಂಗ್ಲಿಷ್ ಪ್ರಬಂಧದ ಕರ್ಮಣಿ ಪ್ರಯೋಗ ಇವರನ್ನೆಲ್ಲ ಒಂದೇ ಏಟಿಗೆ ಮಾಯ ಮಾಡುತ್ತದೆ: ಮಾದರಿ ಸಂಗ್ರಹಿಸಲಾಯಿತು, ಗೆರೆ ನೋಡಲಾಯಿತು. ಪ್ರಬಂಧಕ್ಕೆ ಅದು ಸರಿ, ಅಲ್ಲಿ ಬೇಕಾದದ್ದು ವಿಧಾನ. ಆದರೆ ಕನ್ನಡದ ಪರಿಚಯ ಲೇಖನವೂ ಅದೇ ಪ್ರಯೋಗವನ್ನು ಎರವಲು ತಂದು, ಕೊನೆಗೆ ಒಬ್ಬರನ್ನು ಮಾತ್ರ ಕರ್ತೃವನ್ನಾಗಿ ನಿಲ್ಲಿಸುತ್ತದೆ. ಮನುಷ್ಯರನ್ನು ಅಡಗಿಸಲು ವಿಜ್ಞಾನದ ವ್ಯಾಕರಣ, ಒಬ್ಬರನ್ನು ಮೆರೆಸಲು ಸನ್ಮಾನದ ವ್ಯಾಕರಣ. ಎರಡೂ ಒಂದೇ ಪುಟದಲ್ಲಿ!

ಇದರಿಂದ ಯಾರಿಗೇನು ನಷ್ಟ ಎಂದು ಕೇಳಬಹುದು. ನಷ್ಟ ಮುಖ್ಯವಾಗಿ ಈಗಷ್ಟೇ ಈ ದಾರಿಗೆ ಬರುತ್ತಿರುವವರಿಗೆ. ಯುಜಿಸಿ 2010ರಲ್ಲಿ ಅಧ್ಯಾಪಕರ ಕೆಲಸವನ್ನು ಅಂಕಗಳಲ್ಲಿ ಅಳೆಯುವ ಪದ್ಧತಿ ತಂದಿತು. ನಿಯಮಗಳು ಆಮೇಲೆ ಬದಲಾದವು, ಎಣಿಸುವ ಅಭ್ಯಾಸ ಉಳಿಯಿತು. ಹೊಸಕೋಟೆ ಕಡೆಯಿಂದ ಬಂದು ಸೂಕ್ಷ್ಮಜೀವಿಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿರುವ ಗೆಳತಿಯೊಬ್ಬಳಿದ್ದಾಳೆ. ಎರಡು ವರ್ಷ ಬೆಳೆಸಿದ ಕಲ್ಚರುಗಳಲ್ಲಿ ಅವಳು ಹುಡುಕುತ್ತಿದ್ದದ್ದು ಸಿಗಲಿಲ್ಲ. 'ಸಿಕ್ಕಿದ್ರೆ ಬರೀಬೋದು. ಸಿಗ್ಲಿಲ್ಲ ಅನ್ನೋದನ್ನ ಎಲ್ಲಿ ಬರೀಲಿ, ನೀನೇ ಹೇಳಪ್ಪ' ಅಂದಳು. ಅವಳ ಮನೆಯವರು ಓದಿರುವುದು ಜಿಲ್ಲಾ ಪುಟದ ಸಾಧಕರ ಕಥೆಗಳನ್ನು. ಅವುಗಳ ಪ್ರಕಾರ ವಿಜ್ಞಾನಿ ಎಂದರೆ ಕಂಡುಹಿಡಿದವರು. ಇನ್ನೂ ಕಂಡುಹಿಡಿಯದ ಮಗಳು ಬೆಂಗಳೂರಿನಲ್ಲಿ ಏನು ಮಾಡುತ್ತಿದ್ದಾಳೆಂದು ಊರಿನಲ್ಲಿ ಹೇಳಲು ಅವರಿಗೆ ಮಾತಿಲ್ಲ. ಆ ಮಾತನ್ನು ಕೊಡಬೇಕಾದದ್ದು ನಮ್ಮಂಥ ಬರೆಯುವವರು.

ಒಂದು ಆಕ್ಷೇಪಣೆಯನ್ನು ಇಲ್ಲೇ ಎತ್ತಿಕೊಳ್ಳಬೇಕು. ಸೋಲನ್ನು ಹೀಗೆ ಎತ್ತಿ ಆಡುವುದೂ ಒಂದು ಬಗೆಯ ಭಾವುಕತೆ ಆಗುವುದಿಲ್ಲವೇ? ಜನರ ತೆರಿಗೆಯಲ್ಲಿ ನಡೆಯುವ ಸಂಶೋಧನೆಗೆ ಲೆಕ್ಕ ಬೇಡವೇ? ಬೇಕು. ಎಲ್ಲ ವಿಫಲ ಪ್ರಯೋಗವೂ ಐ321 ಅಲ್ಲ. ಸೋಮಾರಿತನದಿಂದ, ಕಳಪೆ ಯೋಜನೆಯಿಂದ ಕೆಟ್ಟ ಕೆಲಸಗಳೂ ಇವೆ, ಅವನ್ನು 'ಪಯಣ' ಎಂದು ಕರೆದು ಚಂದಗಾಣಿಸುವುದು ಬೇಡ. ಆದರೆ ಒಳ್ಳೆಯ ಸೋಲು ಯಾವುದು, ಕೆಟ್ಟ ಸೋಲು ಯಾವುದು ಎಂದು ತೂಗುವುದಕ್ಕಾದರೂ ಸೋಲು ಮೊದಲು ಪುಟದ ಮೇಲೆ ಇರಬೇಕು. ಐ321ರ ಪರೀಕ್ಷೆ ಮಾಡಿದವರು 39 ಎಂಬ ಅಂಕಿಯನ್ನು 73ರ ಪಕ್ಕದಲ್ಲೇ ಅಚ್ಚು ಹಾಕಿದರು. ಗೆದ್ದದ್ದನ್ನು ಹೇಳುವ ಪ್ರಬಂಧದಲ್ಲೇ ಗೆಲ್ಲದ್ದನ್ನೂ ಹೇಳಿದರು. ವಿಜ್ಞಾನದ ಬರವಣಿಗೆಗೆ ಇರುವ ಈ ಪ್ರಾಮಾಣಿಕತೆ ವಿಜ್ಞಾನಿಯ ಬಗೆಗಿನ ನಮ್ಮ ಬರವಣಿಗೆಗೂ ಇರಲಿ ಎಂದಷ್ಟೇ ನಾನು ಕೇಳುತ್ತಿರುವುದು.

ಅಂಥ ಬರವಣಿಗೆಗೆ ಸಾಮಗ್ರಿ ಎಲ್ಲಿದೆ ಎಂದರೆ, ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಲ್ಲಿ ದೂಳು ಹಿಡಿದಿರುವ ಪಿಎಚ್‌ಡಿ ಮಹಾಪ್ರಬಂಧಗಳಲ್ಲಿದೆ. ಅವುಗಳ ಮೊದಲಿಗೆ ಬರುವ ಕೃತಜ್ಞತೆಯ ಪುಟಗಳನ್ನು ಓದಬೇಕು. ಒಬ್ಬ ಪ್ರಾಧ್ಯಾಪಕರ ಹತ್ತಿಪ್ಪತ್ತು ಶಿಷ್ಯರು ಮೂರು ದಶಕಗಳಲ್ಲಿ ಬರೆದ ಆ ಪುಟಗಳನ್ನು ಸಾಲಾಗಿ ಇಟ್ಟರೆ ಪ್ರಯೋಗಾಲಯದ ಚರಿತ್ರೆ ತಾನಾಗಿ ಕಾಣತೊಡಗುತ್ತದೆ. ಯಾವ ವರ್ಷ ಯಾರ ಸಹಾಯ ಬೇಕಾಯಿತು, ಯಾವ ಆಸ್ಪತ್ರೆಯ ಜೊತೆ ನಂಟಿತ್ತು, ಅಟೆಂಡರ್ ಯಾರು, ಮಾರ್ಗದರ್ಶಕರು ಯಾವಾಗ ಬೈದರು, ಯಾವಾಗ ಸುಮ್ಮನಿದ್ದರು. ಕನ್ನಡ ವಿಭಾಗದಲ್ಲಿ ಕೂತ ನಮಗೆ ಶಾಸನ ಓದುವುದು ಗೊತ್ತು, ಹಸ್ತಪ್ರತಿಗಳ ಕೊನೆಯಲ್ಲಿ ಲಿಪಿಕಾರ ಬರೆದಿಟ್ಟ ಎರಡು ಸಾಲಿನಿಂದ ಒಂದು ಕಾಲವನ್ನು ಕಟ್ಟುವುದು ಗೊತ್ತು. ಈ ಪುಟಗಳನ್ನು ಓದಲು ಬೇರೆ ವಿದ್ಯೆಯೇನೂ ಬೇಡ.

ಉಳಿದದ್ದನ್ನು ಅವರನ್ನೇ ಕೇಳಬಹುದು. ಮುಂದಿನ ಸಲ ನಿವೃತ್ತರಾಗುವ ವಿಜ್ಞಾನದ ಮೇಷ್ಟರ ಪರಿಚಯ ಬರೆಯಲು ಹೋಗುವವರು ಪ್ರಶಸ್ತಿಗಳ ಪಟ್ಟಿ ಕೇಳುವ ಜೊತೆಗೆ ಇನ್ನೆರಡು ಪ್ರಶ್ನೆ ಕೇಳಲಿ: ಯಾವ ಪ್ರಯೋಗ ಕೈಕೊಟ್ಟಿತು? ಆಮೇಲೆ ಏನು ಮಾಡಿದಿರಿ? ಉತ್ತರ ಬಹುಶಃ ಅರ್ಧ ಇಂಗ್ಲಿಷಿನಲ್ಲಿ ಬರುತ್ತದೆ, ತಡವರಿಸಿ ಬರುತ್ತದೆ, ಎರಡು ಕಾಫಿ ಆಗುವಷ್ಟು ಹೊತ್ತು ಹಿಡಿಯುತ್ತದೆ. ಜಿಲ್ಲಾ ಪುಟದಲ್ಲಿ ಅದಕ್ಕೆ ಜಾಗ ಸಾಲದಿದ್ದರೆ ಬುಡ್ಡಿ ದೀಪದ ಪ್ಯಾರಾವನ್ನು ಸ್ವಲ್ಪ ಮೊಟಕು ಮಾಡಿದರೂ ನಡೆದೀತು.